ಸೈಮನ್ ಟಾಂಗಾನಿಗೆ ಕನ್ನಡ ಬರುವುದಿಲ್ಲ

ಭದ್ರಾವತಿ
೧೨ ಜೂನ್ ೨೦೨೩

ಉಮಾ,

ಹಾಳೆಯ ಮೇಲೆ ಬೆರಳಿಟ್ಟ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಚುಕ್ಕೆ ಒತ್ತುವಾಗ ಹಾಳೆಯನ್ನೇ ತೂತು ಮಾಡುತ್ತಾನೆ ಎಂದು ಬ್ರೈಲ್ ಮೇಷ್ಟ್ರ ಹತ್ತಿರ ಬೈಸಿಕೊಳ್ಳುತ್ತಿದ್ದವನು ನಾನೊಬ್ಬನೇ. ಶಾಲೆ ಬಿಟ್ಟ ಮೇಲೆ ಒಂದು ಸುದ್ದಿಯನ್ನೂ ಕೊಡಲಿಲ್ಲವೆಂದು ಮೊದಲು ಬೈದು ಮುಗಿಸು. ಆಮೇಲೆ ಮುಂದೆ ಓದು.

ನನಗೆ ಕೆಲಸ ಸಿಕ್ಕಿದೆ. ಹಾಡುವ ಕೆಲಸ.

ಇಷ್ಟು ದಿನ ಬೀರೂರು ರೈಲಿನಲ್ಲಿ ಹಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೆ. ಒಂದು ದಿನ ಯಾರೋ ಪಕ್ಕದಲ್ಲಿ ಬಂದು ಕೂತು, "ಯಾರ ಹಾಡಪ್ಪ ಇದು? ನಾನು ಕೇಳೇ ಇಲ್ವಲ್ಲ" ಅಂದರು. "ನಂದೇ ಸಾರ್" ಅಂದೆ. "ಬರೆದಿದ್ದೂ ನೀನೇನಾ?" "ಬರೆದಿದ್ದೂ ನಾನೇ, ರಾಗ ಹಾಕಿದ್ದೂ ನಾನೇ." ಅವರು ಭದ್ರಾವತಿಯಲ್ಲಿ ನನ್ನ ಕೈ ಹಿಡಿದು ಇಳಿಸಿಕೊಂಡರು. ಹೆಸರು ಷಣ್ಮುಖಪ್ಪ. ಕಾಗದದ ಕಾರ್ಖಾನೆಯಲ್ಲಿ ಇದ್ದವರು. ಅದು ನಿಂತ ಮೇಲೆ ಆರ್ಕೆಸ್ಟ್ರಾ ಕಟ್ಟಿದ್ದಾರೆ. ಒಳ್ಳೆಯ ಮನುಷ್ಯ. ನನಗೆ ಆಫೀಸಿನ ಹಿಂದೆ ಒಂದು ಕೋಣೆ ಕೊಟ್ಟಿದ್ದಾರೆ, ಅವರ ಹೆಂಡತಿ ತಟ್ಟೆಗೆ ಬಡಿಸಿ ಯಾವುದು ಎಲ್ಲಿದೆ ಎಂದು ಹೇಳಿ ಹೋಗುತ್ತಾರೆ.

ಬಂದ ಮಾರನೇ ದಿನವೇ ಷಣ್ಮುಖಪ್ಪನವರು ನನ್ನ ಕೂದಲು ಮುಟ್ಟಿ, ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ನೀನು ಯಾವ ಕಡೆಯೋನು ಪರಶು?" ಎಂದು ಕೇಳಿದರು. ಯಲ್ಲಾಪುರದ ಸಿದ್ದಿ ಅಂದೆ. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರಂತೆ, ಅವರು ತಪ್ಪಿಸಿಕೊಂಡು ಕಾಡು ಸೇರಿದರಂತೆ, ನನಗೆ ಗೊತ್ತಿರುವುದು ಕನ್ನಡ, ಮನೆಯಲ್ಲಿ ಆಡುವ ಕೊಂಕಣಿ, ಇಷ್ಟೇ ಅಂದೆ. ಅವರು, "ಅಲ್ಲಿಗೆ ಆಫ್ರಿಕಾದೋನೇ ಆದಂಗಾಯ್ತಲ್ಲ" ಅಂದರು.

ಹೀಗಾಗಿ ನಾನೀಗ ಸೈಮನ್ ಟಾಂಗಾ. ಪೋಸ್ಟರಿನಲ್ಲಿ "ಆಫ್ರಿಕಾದ ಅಂಧ ಗಾಯಕ" ಎಂದು ಹಾಕಿಸಿದ್ದಾರೆ. "ಟಾಂಗಾ ಅಂದ್ರೆ ಕುದುರೆಗಾಡಿ ಅಲ್ವಾ ಸಾರ್?" ಅಂದರೆ, "ಜನಕ್ಕೆ ನೆನಪಿರುತ್ತೆ ಬಿಡು ಮಾರಾಯ" ಅಂದರು. ಹಾಡುವುದು ಕನ್ನಡದಲ್ಲಿ, ಮಾತು ಮಾತ್ರ ಇಂಗ್ಲಿಷಿನಲ್ಲಿ. ಹಲೋ ಭದ್ರಾವತಿ, ಐ ಲವ್ ಯೂ, ಥ್ಯಾಂಕ್ಯೂ. ಅಷ್ಟು ಇಂಗ್ಲಿಷ್ ಸಾಕಂತೆ.

ನೀನು ನಗುತ್ತಿದ್ದೀಯ. ನಾನೂ ನಕ್ಕೆ. ಆದರೆ ಮೊನ್ನೆ ಇಲ್ಲಿಯ ಹೊಸಮನೆ ಬಡಾವಣೆಯಲ್ಲಿ ಒಂದು ಮದುವೆಯ ಆರತಕ್ಷತೆಗೆ ಹಾಡಿದಾಗ ಬಿದ್ದ ಸೀಟಿ ಇದೆಯಲ್ಲ, ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ಯಾರೋ ಬಂದು "ಸೂಪರ್ ತಂಬಿ" ಎಂದು ಅಪ್ಪಿಕೊಂಡರು. ಇದೇ ಹಾಡನ್ನು ರೈಲಿನಲ್ಲಿ ಹಾಡಿದಾಗ ಜನ ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದರು, ಅಷ್ಟೆ.

ಫೋನ್ ಮಾಡಬೇಡ. ಆಫೀಸಿಗೆ ಜನ ಬಂದು ಹೋಗುತ್ತಿರುತ್ತಾರೆ, ನಾನು ಕನ್ನಡ ಮಾತಾಡುವುದು ಅವರ ಕಿವಿಗೆ ಬೀಳಬಾರದು. ಬ್ರೈಲ್ ಇಲ್ಲಿ ಯಾರಿಗೂ ಬರುವುದಿಲ್ಲ. ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ.

ನಿನ್ನ
ಪರಶುರಾಮ

*

ದುರ್ಗಿಗುಡಿ, ಶಿವಮೊಗ್ಗ
೨೫ ಜೂನ್ ೨೦೨೩

ಪರಶು,

ಬೈದು ಮುಗಿಸಲು ಎರಡು ದಿನ ಬೇಕಾಯಿತು.

ನಾನು ನಮ್ಮ ಶಾಲೆಯಲ್ಲೇ ಸಂಗೀತದ ಮೇಡಂ ಆಗಿದ್ದೇನೆ. ನಾವು ಕೂರುತ್ತಿದ್ದ ಕೋಣೆಯಲ್ಲೇ ಪಾಠ. ಹಾರ್ಮೋನಿಯಂ ಮಾತ್ರ ಹೊಸದು. ಇರುವುದು ಅಣ್ಣನ ಮನೆಯಲ್ಲಿ. ರುದ್ರೇಶಣ್ಣನ ಪಾತ್ರೆ ಅಂಗಡಿಯ ಬಗ್ಗೆ ನಾನು ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಅತ್ತಿಗೆ ಶೀತಲ್ ಒಳ್ಳೆಯವಳು, ನಾನು ಅಡುಗೆಮನೆಗೆ ಹೋದರೆ ಮಾತ್ರ ಅವಳ ಜೀವ ಬಾಯಿಗೆ ಬರುತ್ತದೆ. ಆಲ್ಕೊಳದ ಕಡೆಯ ಒಬ್ಬರ ಸಂಬಂಧ ಬಂದಿದೆ. ಹೆಂಡತಿ ತೀರಿಕೊಂಡವರು. "ಕಣ್ಣಿಲ್ಲದಿದ್ರೂ ಪರವಾಗಿಲ್ಲ ಅಂದಿದಾರೆ" ಎಂದು ಅಣ್ಣ ದೊಡ್ಡ ಉಪಕಾರದ ಸುದ್ದಿಯಂತೆ ಹೇಳಿದ. ನಾನು ಏನೂ ಹೇಳಿಲ್ಲ.

ನಿನ್ನ ಕಾಗದ ಓದಿ ನಕ್ಕೆ, ನಿಜ. ಆಮೇಲೆ ನಗು ಬರಲಿಲ್ಲ. ಆರನೇ ತರಗತಿಯಲ್ಲಿ ಒಂದು ಸಂಜೆ ನೀನು ಬಂದು, "ಉಮಾ, ನಾನು ಕಪ್ಪಂತೆ. ಎಲ್ಲರಿಗಿಂತ ಕಪ್ಪಂತೆ. ಅಡುಗೆಯವರು ಹೇಳಿದರು. ಹಂಗಂದ್ರೆ ಏನು?" ಎಂದು ಕೇಳಿದ್ದೆ. ನನಗೆ ಹೇಗೆ ಗೊತ್ತಿರಬೇಕು? ನಾನು ನಿನ್ನ ಕೈ ಮುಟ್ಟಿ ನೋಡಿ, "ನನ್ನ ಕೈ ಥರಾನೇ ಇದೆ, ಸ್ವಲ್ಪ ಒರಟು" ಅಂದಿದ್ದೆ. ನೀನು ಸಮಾಧಾನವಾಗಿ ಊಟಕ್ಕೆ ಹೋದೆ.

ನೋಡುವವರು ನಿನ್ನನ್ನು ಏನಾದರೂ ಅಂದುಕೊಳ್ಳಲಿ. ನೀನೇ ಒಪ್ಪಿಕೊಂಡು ನಿಂತರೆ ಹೇಗೆ? ಒಂದೇ ಪ್ರಶ್ನೆ: ಆ ಸೀಟಿ ಹಾಡಿಗೆ ಬಿತ್ತೋ, ಪೋಸ್ಟರಿಗೆ ಬಿತ್ತೋ?

ಸಿಟ್ಟಾಗಬೇಡ. ಊಟ ಸರಿಯಾಗಿ ಮಾಡು. ನಿನ್ನನ್ನು ಹೆತ್ತ ಆಯಿಗೆ ಸುದ್ದಿ ಮುಟ್ಟಿಸಿದೆಯಾ?

ಉಮಾಮಹೇಶ್ವರಿ

*

ಭದ್ರಾವತಿ
೧೮ ಅಕ್ಟೋಬರ್ ೨೦೨೩

ಉಮಾ,

ಸಿಟ್ಟಲ್ಲ. ಮೊದಲು ಹಾಡುಗಳ ತಾಲೀಮು, ಆಮೇಲೆ ಗಣಪತಿ ಹಬ್ಬ, ಕೂರಲು ಹೊತ್ತಿರಲಿಲ್ಲ. ಒಂದೇ ಸಂಜೆ ಎರಡೆರಡು ಪೆಂಡಾಲು. ತರೀಕೆರೆ, ಶಿಕಾರಿಪುರ, ಹೊಳೆಹೊನ್ನೂರು, ಎಲ್ಲ ಕಡೆ ಹೋಗಿಬಂದೆವು. "ಕಪ್ಪು ಅಂದರೆ ಏನೇ ಆಯಿ" ಎಂಬ ಹಾಡು ಬರೆದಿದ್ದೇನೆ. ಆ ಸಂಜೆಯನ್ನು ನೀನು ನೆನಪಿಸಿದ ಮೇಲೆ ಬಂದದ್ದು ಅದು.

ಕಪ್ಪು ಅಂದರೆ ಏನೇ ಆಯಿ, ಮುಟ್ಟಿ ತೋರಿಸೆ,
ಒಲೆಯ ಮೇಲೆ ಸೀದ ರೊಟ್ಟಿಯಂಚೇನೆ?
ಮಳೆಗೆ ಮೊದಲು ಬಿಸಿಲು ಕುಡಿದ ಮಣ್ಣೇನೆ?
ನಿನ್ನ ಮಡಿಲೂ ಕಪ್ಪೇ ಆದರೆ, ನನಗದೇ ಸಾಕು ಕಣೆ.

ಯಾರೋ ಇದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದರು. ಈಗ ಆಟೋಗಳಲ್ಲಿ, ಚಹದಂಗಡಿಗಳಲ್ಲಿ ಕೇಳುತ್ತಿದೆ. ಬೆಂಗಳೂರಿನ ಒಬ್ಬರು ಸ್ಟುಡಿಯೋಕ್ಕೆ ಕರೆದು ರೆಕಾರ್ಡ್ ಮಾಡಿಸಿದರು. ಹೊರಗೆ ಬಂದಾಗ ಕೇಳಿದೆ: "ಸಾರ್, ಸಾಹಿತ್ಯ ಅಂತ ಯಾರ ಹೆಸರು ಕೊಟ್ರಿ?"

ಷಣ್ಮುಖಪ್ಪನವರು ನನ್ನ ಹೆಗಲ ಮೇಲೆ ಕೈ ಹಾಕಿದರು. "ಪರಶು, ನೀನೇ ಯೋಚನೆ ಮಾಡು. ಸೈಮನ್ ಟಾಂಗಾನಿಗೆ ಕನ್ನಡ ಬರಲ್ಲ. ಕನ್ನಡ ಬಾರದೋನು ಇಂಥ ಹಾಡು ಹೆಂಗೆ ಬರೀತಾನೆ? ಜನ ನಂಬ್ತಾರಾ? ನನ್ನ ಹೆಸರು ಹಾಕಿದೀನಿ. ಸದ್ಯಕ್ಕೆ ಅಷ್ಟೇ ಮಾರಾಯ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಮೊದಲನೆಯ ಸುಳ್ಳನ್ನು ಒಪ್ಪಿಕೊಂಡ ಮೇಲೆ ಎರಡನೆಯದು ಸರಿಯಾಗಿಯೇ ಇರುತ್ತದೆ.

ಬರುವ ನವೆಂಬರಿನಲ್ಲಿ ಶಿವಮೊಗ್ಗದಲ್ಲೇ ರಾಜ್ಯೋತ್ಸವದ ಕಾರ್ಯಕ್ರಮವಿದೆ. ಬರುತ್ತೀಯಾ? ಮುಂದಿನ ಸಾಲಿನಲ್ಲಿ ಕೂರು. ನೀನಿದ್ದೀಯ ಎಂದು ಗೊತ್ತಿದ್ದರೆ ನನ್ನ ಮೇಲಿನ ಸ್ವರ ಗಟ್ಟಿಯಾಗಿ ನಿಲ್ಲುತ್ತದೆ.

ಆಲ್ಕೊಳದವರ ವಿಷಯ ಏನಾಯಿತು? ಹೇಳಬೇಕೆಂದರೆ ಹೇಳು.

ಪರಶುರಾಮ

*

ದುರ್ಗಿಗುಡಿ, ಶಿವಮೊಗ್ಗ
೪ ನವೆಂಬರ್ ೨೦೨೩

ಪರಶುರಾಮನಿಗೆ,

ಬಂದಿದ್ದೆ. ಅಣ್ಣ, ಅತ್ತಿಗೆ, ನಾನು. ಮುಂದಿನ ಸಾಲು ಸಿಗಲಿಲ್ಲ, ನಡುವೆ ಎಲ್ಲೋ ಕೂತೆವು.

ನೀನು ಹಾಡಿದ್ದರ ಬಗ್ಗೆ ಬರೆಯುವುದಿಲ್ಲ. ಅದು ನಿನಗೆ ಗೊತ್ತು. ಹಾಡು ಮುಗಿದಾಗ ಪಕ್ಕದ ಹೆಂಗಸು ಅಳುತ್ತಿದ್ದಳು.

ಆಮೇಲೆ ಯಾರೋ ಮೈಕು ಹಿಡಿದು ಭಾಷಣ ಮಾಡಿದರು. "ನೋಡಿ ಸ್ವಾಮಿ, ಎಲ್ಲಿಯ ಆಫ್ರಿಕಾ, ಎಲ್ಲಿಯ ಶಿವಮೊಗ್ಗ! ಈ ಪರದೇಶಿಗೆ ಇರೋ ಕನ್ನಡದ ಅಭಿಮಾನ ನಮ್ಮ ಮಕ್ಕಳಿಗಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದ. ನಿನಗೆ ಶಾಲು ಹೊದೆಸಿದರಂತೆ. ನೀನು "ಥ್ಯಾಂಕ್ಯೂ ಕರ್ನಾಟಕ" ಅಂದೆ. ನೀನು ಈ ನೆಲದಲ್ಲಿ ಹುಟ್ಟಿದವನು, ಕನ್ನಡ ಪದ್ಯ ಕಂಠಪಾಠದಲ್ಲಿ ಪ್ರತಿ ವರ್ಷ ನನ್ನನ್ನು ಸೋಲಿಸಿದವನು. ಹೊಸದಾಗಿ ಬಂದ ಅತಿಥಿಯ ಹಾಗೆ ಶಾಲು ಹೊದ್ದು ನಿಂತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಅತ್ತಿಗೆಯ ತೋಳು ಹಿಡಿದು ಸ್ಟೇಜಿನ ಹಿಂದಕ್ಕೆ ಬಂದೆ. ನಿನ್ನ ಸುತ್ತ ಜನ. "ಪರಶು" ಎಂದು ಕರೆದೆ. ಎರಡು ಸಲ. ನಿನಗೆ ನನ್ನ ದನಿ ತಿಳಿಯಲಿಲ್ಲ ಎಂದು ಹೇಳಬೇಡ, ನೀನು ಉಸಿರು ಹಿಡಿದದ್ದು ನನಗೆ ಕೇಳಿಸಿತು. ಆಮೇಲೆ ನೀನು, "ಸಾರಿ ಸಿಸ್ಟರ್, ನೋ ಕನ್ನಡ" ಅಂದೆ.

"ಪಾಪ, ಭಾಷೆ ಬರಲ್ಲ ಅವರಿಗೆ. ಬಾ ಉಮಾ" ಎಂದು ಅಣ್ಣ ನನ್ನನ್ನು ಎಳೆದುಕೊಂಡು ಬಂದ. ಮನೆಗೆ ಬಂದ ಮೇಲೆ, "ಅವರನ್ನ ಏನಂತ ಕೂಗಿದೆ ನೀನು?" ಎಂದು ಕೇಳಿದ. ಯಾರೋ ಅಂದುಕೊಂಡೆ, ಅವರಲ್ಲ ಎಂದೆ.

ಇನ್ನು ಬರೆಯಲು ಏನೂ ಇಲ್ಲ.

ಉಮಾ

*

ಭದ್ರಾವತಿ
೨೦ ನವೆಂಬರ್ ೨೦೨೩

ಉಮಾ,

ಅಲ್ಲಿ ಪತ್ರಿಕೆಯವರಿದ್ದರು. ಷಣ್ಮುಖಪ್ಪನವರ ಕೈ ನನ್ನ ಬೆನ್ನ ಮೇಲಿತ್ತು. ನೀನು ಕರೆದಾಗ ಆ ಕೈ ಬಿಗಿಯಾಯಿತು. ಇದು ಕಾರಣ ಅಷ್ಟೆ, ಸಮಾಧಾನವಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಪರಶು

*

ಭದ್ರಾವತಿ
೨೮ ಜನವರಿ ೨೦೨೪

ಉಮಾ,

ಸಂಕ್ರಾಂತಿಯೂ ಹೋಯಿತು. ನಿನ್ನಿಂದ ಎಳ್ಳುಬೆಲ್ಲದ ಮಾತೂ ಬರಲಿಲ್ಲ.

ಮೊನ್ನೆ ಷಣ್ಮುಖಪ್ಪನವರ ಹತ್ತಿರ ಮಾತಾಡಿದೆ. "ಸಾರ್, ಇನ್ನು ನನ್ನ ಹೆಸರಲ್ಲೇ ಹಾಡ್ತೀನಿ. ನಾನು ಸಿದ್ದಿ, ಈ ಹಾಡು ನಾನೇ ಬರೆದಿದ್ದು ಅಂತ ಹೇಳಿಬಿಡೋಣ" ಎಂದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. "ಜನ ಮೋಸ ಅಂತಾರೆ ಪರಶು. ಇಬ್ರಿಗೂ ಕಲ್ಲು ಬೀಳುತ್ತೆ. ಕಾರ್ಖಾನೆ ನಿಂತಾಗ ನಾನು ಮನೇಲಿ ಹೆಂಗೆ ಕೂತಿದ್ದೆ ಅಂತ ನಿಂಗೊತ್ತಿಲ್ಲ. ಇನ್ನೊಂದು ಸಲ ಹಂಗೆ ಕೂರಕ್ಕೆ ನನ್ನ ಕೈಲಾಗಲ್ಲ" ಎಂದರು. ನಾನು ಅವರಿಗೆ ಧೈರ್ಯ ಹೇಳಿ ಬಂದೆ.

ಆದರೂ ತೀರ್ಮಾನ ಮಾಡಿದ್ದೇನೆ. ಇವರ ಒಪ್ಪಿಗೆಗೆ ಕಾದರೆ ಆಗುವುದಿಲ್ಲ. ಮುಂದಿನ ವಾರ ಕಾರ್ಯಕ್ರಮವಿಲ್ಲ. ಒಬ್ಬನೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುತ್ತೇನೆ. ನಿಮ್ಮ ಮನೆಗೇ ಬಂದು, ರುದ್ರೇಶಣ್ಣನ ಎದುರು ನಿಂತು, ನನ್ನ ಹೆಸರು ಪರಶುರಾಮ ಸಿದ್ದಿ, ನಿಮ್ಮ ತಂಗಿಯ ಜೊತೆ ಓದಿದವನು ಎಂದು ಕನ್ನಡದಲ್ಲಿ ಹೇಳುತ್ತೇನೆ. ಇನ್ನೂ ಒಂದು ಮಾತು ಹೇಳುವುದಿದೆ. ಅದನ್ನು ಚುಕ್ಕೆ ಒತ್ತಿ ಬರೆಯಲು ಆಗುವುದಿಲ್ಲ.

ಬಾಗಿಲು ತೆಗೆಯುತ್ತೀಯಲ್ಲ?

ಪರಶುರಾಮ

*

ದುರ್ಗಿಗುಡಿ, ಶಿವಮೊಗ್ಗ
೨೧ ಫೆಬ್ರವರಿ ೨೦೨೪

ಪರಶು,

ಇದನ್ನು ನಿನ್ನ ಆಯಿಯ ಕೈಗೆ ಕೊಟ್ಟಿದ್ದೇನೆ. ಬೆರಳು ಆಡಿಸುವಷ್ಟು ಶಕ್ತಿ ಬಂದಾಗ ಓದು.

ನೀನು ಬರುತ್ತೀಯ ಎಂದು ನಾನು ಆ ವಾರವೆಲ್ಲ ಮನೆಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಅಣ್ಣ ಪೇಪರ್ ಓದುತ್ತಾ, "ಅಯ್ಯೋ ಶೀತಲ್, ನಾವು ನೋಡಿದ್ವಲ್ಲ ಆ ಆಫ್ರಿಕಾದೋನು, ಭದ್ರಾವತಿ ಬಸ್ ಸ್ಟ್ಯಾಂಡಲ್ಲಿ ಮಕ್ಕಳ ಕಳ್ಳ ಅಂತ ಹಿಡಿದು ಹೊಡೆದಿದಾರೆ. ಉಳಿಯೋದು ಕಷ್ಟ ಅಂತೆ" ಎಂದ. ಅವತ್ತು ಅಣ್ಣನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಅಂಗಡಿ ಮುಚ್ಚಿ, ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಂದ.

ನಿನ್ನನ್ನು ಶಿವಮೊಗ್ಗಕ್ಕೆ ತಂದಿದ್ದರು. ಬಾಗಿಲಲ್ಲಿ ಒಬ್ಬ ಪೊಲೀಸಿನವರು ಕೂತಿದ್ದರು. "ಫಾರಿನರ್ ಕೇಸು, ಪಾಸ್‌ಪೋರ್ಟ್ ಸಿಕ್ಕಿಲ್ಲ, ಯಾರನ್ನೂ ಬಿಡಂಗಿಲ್ಲ" ಎಂದರು. ನಾನು ಹೇಳಿದೆ: "ಸಾರ್, ಅವನು ಫಾರಿನರ್ ಅಲ್ಲ. ಪರಶುರಾಮ ಸಿದ್ದಿ ಅಂತ. ಯಲ್ಲಾಪುರ ತಾಲೂಕು. ನನ್ನ ಜೊತೆ ಹತ್ತನೇ ಕ್ಲಾಸ್ ಪಾಸಾಗಿದಾನೆ." ಅವರು ಅಣ್ಣನನ್ನು, "ಮೇಡಂಗೆ ಕಣ್ಣು ಕಾಣಲ್ವಲ್ಲ, ಅವರೇ ಅಂತ ಹೆಂಗೆ ಹೇಳ್ತಾರೆ?" ಎಂದು ಕೇಳಿದರು. ನಿನ್ನ ಗಂಟಲಿಗೆ ನಳಿಕೆ ಹಾಕಿದ್ದರು. ನೀನು ಒಂದು ಮಾತಾಡಿದ್ದರೆ ನಾನು ಗೋಡೆಯಾಚೆಯಿಂದಲೇ ಹೇಳುತ್ತಿದ್ದೆ.

ಅಣ್ಣ ಶಾಲೆಗೆ ಹೋಗಿ ದಾಖಲೆ ತಂದ. ನಿಮ್ಮ ಊರಿನ ಅಂಗಡಿಗೆ ಫೋನ್ ಮಾಡಿ ಆಯಿಯನ್ನು ಕರೆಸಿದೆವು. ಆಯಿ ಬಂದ ದಿನ ಒಬ್ಬ ಡಾಕ್ಟರು ಅವರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಲು ಶುರು ಮಾಡಿದರು. ಆಯಿ ಪೂರ್ತಿ ಕೇಳಿಸಿಕೊಂಡು, "ನನ್ನ ಮಗ ಬದುಕ್ತಾನೋ ಇಲ್ವೋ ಅಷ್ಟು ಹೇಳ್ರಪ್ಪ" ಅಂದರು.

ಬದುಕು ಪರಶು. ಮಿಕ್ಕಿದ್ದು ಆಮೇಲೆ.

ಉಮಾ

*

ದುರ್ಗಿಗುಡಿ, ಶಿವಮೊಗ್ಗ
೧೯ ಏಪ್ರಿಲ್ ೨೦೨೪

ಪರಶು,

ಆಸ್ಪತ್ರೆಗೆ ಹೋದರೆ ಡಿಸ್ಚಾರ್ಜ್ ಆಗಿ ಆಗಲೇ ಹೋದರು ಅಂದರು. ನನಗೆ ಯಾಕೆ ಹೇಳಲಿಲ್ಲ? ಇಲ್ಲಿ ಅಣ್ಣ ಆಯಿಗೆ ಕೊಟ್ಟಿದ್ದ ಫೋನ್ ಸ್ವಿಚ್ ಆಫ್. ಊರಿಗೆ ಹೋಗಿದ್ದೀರೋ, ಭದ್ರಾವತಿಯಲ್ಲೇ ಇದ್ದೀರೋ ತಿಳಿಯದೆ ಷಣ್ಮುಖಪ್ಪನವರ ಆಫೀಸಿನ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ಮುಟ್ಟಿದರೆ ಖಾಲಿ ಹಾಳೆಯನ್ನಾದರೂ ಕಳಿಸು.

ಉಮಾ

*

ಭದ್ರಾವತಿ
೭ ಜೂನ್ ೨೦೨೪

ಉಮಾ,

ನಿನ್ನ ಎರಡೂ ಕಾಗದಗಳು ಸಿಕ್ಕಿವೆ. ಎರಡನೆಯದನ್ನು ಷಣ್ಮುಖಪ್ಪನವರ ಹೆಂಡತಿ ತಲುಪಿಸಿದರು. ಓದಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ.

ಇಲ್ಲೇ ಇದ್ದೇವೆ. ಪೊಲೀಸರು ಮತ್ತೆ ಮತ್ತೆ ಕರೆಯುತ್ತಾರೆ, ಡಾಕ್ಟರಿಗೂ ತೋರಿಸಬೇಕು, ಆದ್ದರಿಂದ ಊರಿಗೆ ಹೋಗುವ ಹಾಗಿಲ್ಲ. ದ್ಯಾಮಮ್ಮ ಎಂಬುವರು ಮನೆಯ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ, ಜನ್ನಾಪುರದಲ್ಲಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು. ಆಯಿ ಒಂದು ಮೆಸ್ಸಿನಲ್ಲಿ ರೊಟ್ಟಿ ತಟ್ಟಲು ಹೋಗುತ್ತಾಳೆ.

ಅವತ್ತಿನದನ್ನು ನಿನಗೊಬ್ಬಳಿಗೆ ಹೇಳುತ್ತೇನೆ. ಪೊಲೀಸರಿಗೆ ಹೇಳಿದ್ದು ಬೇರೆ ಥರ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದೆ. ಕನ್ನಡಕ ಹಾಕಿಕೊಂಡು ಕೋಲು ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಒಂದು ಮಗು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು. ನನ್ನದೇ ಹಾಡು ಉಮಾ. ಕಪ್ಪು ಅಂದರೆ ಏನೇ ಆಯಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಗ್ಗಿ ಆ ಮಗುವಿನ ಭುಜ ಮುಟ್ಟಿ, "ಪುಟ್ಟಾ, ಮುಂದಿನ ಸಾಲು ಬರುತ್ತಾ?" ಎಂದು ಕೇಳಿದೆ. ಮಗು ಹೆದರಿ ಚೀರಿತು. ತಾಯಿ ಕೂಗಿಕೊಂಡಳು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಆ ವಾರ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ.

"ಯಾರೋ ನೀನು? ಎಲ್ಲಿಯೋನು?"

"ನಾನು ಯಲ್ಲಾಪುರದೋನು ಅಣ್ಣಾ. ಶಿವಮೊಗ್ಗಕ್ಕೆ ಹೊರಟಿದ್ದೆ."

"ಸುಳ್ಳು ಕಣ್ರೋ! ಇವನು ಆ ಆಫ್ರಿಕಾದೋನು, ಪೆಂಡಾಲಲ್ಲಿ ಹಾಡ್ತಾನಲ್ಲ."

"ಅವನಿಗೆ ಕನ್ನಡ ಬರಲ್ವಲ್ಲೋ!"

"ಮತ್ತೆ ಈಗ ಹೆಂಗೆ ಮಾತಾಡ್ತಿದಾನೆ? ಕೇಳು, ನಮ್ಮ ಥರಾನೇ ಮಾತಾಡ್ತಾನೆ!"

ನಾನು ಇನ್ನೂ ಚೆನ್ನಾಗಿ ಕನ್ನಡ ಮಾತಾಡಿದೆ. ಶಾಲೆಯ ಹೆಸರು ಹೇಳಿದೆ, ಮೇಷ್ಟ್ರ ಹೆಸರು ಹೇಳಿದೆ, ನಿನ್ನ ಹೆಸರೂ ಹೇಳಿದೆ. ಒಂದೊಂದು ಮಾತಿಗೂ ಜನ ಹತ್ತಿರ ಹತ್ತಿರ ಬಂದರು. ಕನ್ನಡ ಬಾರದೆ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದರೋ ಏನೋ. "ಭಾಷೆ ಬರಲ್ಲ ಅಂತ ನಾಟಕ ಆಡಿದೋನು, ಕುರುಡ ಅನ್ನೋದೂ ನಾಟಕಾನೇ" ಎಂದು ಒಬ್ಬ ನನ್ನ ಕನ್ನಡಕ ಕಿತ್ತು ಕಣ್ಣಿಗೆ ಬೆರಳು ಹಾಕಿದ. ನಾನು ಕೈ ಬೀಸಿದೆ, ಅದು ಯಾರಿಗೋ ತಗುಲಿತು. ಅಲ್ಲಿಗೆ ಕೆಳಗೆ ಬಿದ್ದೆ. ಒಂದು ಕಾಲು ನನ್ನ ಕುತ್ತಿಗೆಯ ಮೇಲೆ ನಿಂತಿತು. ಬೂಟಿನ ಕಾಲು. ಒಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು.

ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ಮಲ್ಲಿಕ್ ಎಂಬ ಆಟೋದವನು. ಅವನನ್ನೂ ಹೊಡೆದರಂತೆ.

ಷಣ್ಮುಖಪ್ಪನವರು ಆಸ್ಪತ್ರೆಗೆ ಬಂದು ನನ್ನ ಕಾಲ ಹತ್ತಿರ ಕೂತು ಅತ್ತರು. ಆದರೆ ಪೊಲೀಸರ ಮುಂದೆ, ಆಫ್ರಿಕಾದವನು ಎಂದು ನಾನೇ ಹೇಳಿಕೊಂಡು ಬಂದಿದ್ದೆ, ಅವರು ನಂಬಿ ಇಟ್ಟುಕೊಂಡಿದ್ದರು ಎಂದು ಬರೆಸಿದ್ದಾರೆ. ಹೋದ ತಿಂಗಳು ಇಲ್ಲೇ ಹತ್ತಿರದ ಮೈದಾನದಲ್ಲಿ ಅವರ ಆರ್ಕೆಸ್ಟ್ರಾ ಇತ್ತು. ಮೈಕಿನಲ್ಲಿ, "ಸೈಮನ್ ಟಾಂಗಾ ಗುಣಮುಖರಾಗಿ ಮತ್ತೆ ನಿಮ್ಮ ಮುಂದೆ" ಅಂದರು. ಹಾಡಿದವನು ಹಳಿಯಾಳದ ಕಡೆಯ ಸಿದ್ದಿ, ನಮ್ಮವನೇ ಒಬ್ಬ. ಕಣ್ಣು ಕಾಣುವವನಂತೆ, ಕಪ್ಪು ಕನ್ನಡಕ ಹಾಕಿಸಿ ಕೈ ಹಿಡಿದು ನಡೆಸಿಕೊಂಡು ಬರುತ್ತಾರಂತೆ. ನನ್ನ ಹಾಡುಗಳನ್ನೇ ಹಾಡಿದ. ಚೆನ್ನಾಗಿಯೇ ಹಾಡಿದ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಆಯಿ ಕಿಟಕಿ ಮುಚ್ಚಲು ಹೋದಳು, ನಾನು ಬೇಡವೆಂದೆ.

ನನ್ನ ವಿಷಯಕ್ಕೆ ಬರುತ್ತೇನೆ. ಡಾಕ್ಟರು, "ಮಾತು ಬರುತ್ತಪ್ಪ, ಹಾಡು ಬರಲ್ಲ" ಅಂದಿದ್ದಾರೆ. ಮಾತು ಅಂದರೆ ಎಂಥದ್ದು ಗೊತ್ತೇ? ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದ ಹಾಗೆ. ಮೊದಲ ಸಲ ಕೇಳಿದಾಗ ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ ಅಂದುಕೊಂಡೆ.

ಬರಬೇಡ ಉಮಾ. ನೀನು ನನ್ನ ಮುಖ ನೋಡಿಲ್ಲ, ನಾನು ನಿನ್ನದು ನೋಡಿಲ್ಲ. ಒಬ್ಬರಿಗೊಬ್ಬರು ಇದ್ದದ್ದು ದನಿಯಲ್ಲಿ ಮಾತ್ರ. ಅದೇ ಇಲ್ಲದ ಮೇಲೆ ನೀನು ಬಂದು ಭೇಟಿಯಾಗುವುದು ಯಾರನ್ನು? ನಿನ್ನ ಕಿವಿಯಲ್ಲಿ ನಾನು ಹಳೆಯ ದನಿಯಲ್ಲೇ ಇರಲಿ. ಇಷ್ಟು ಉಪಕಾರ ಮಾಡು.

ಪರಶುರಾಮ

*

ದುರ್ಗಿಗುಡಿ, ಶಿವಮೊಗ್ಗ
೧೫ ಜುಲೈ ೨೦೨೪

ಪರಶು,

ನೀನು ಬೇಡವೆಂದರೂ ನಿನ್ನೆ ಬಂದಿದ್ದೆ. ಆಯಿ ಹೇಳಿರಬೇಕು. ಅತ್ತಿಗೆ ಬರುತ್ತೇನೆಂದಳು, ಬೇಡ ಎಂದು ಒಬ್ಬಳೇ ಬಂದೆ. ನೀನು ಡಾಕ್ಟರ ಹತ್ತಿರ ಹೋಗಿದ್ದೀಯ ಅಂದರು. ಭಾನುವಾರ ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ.

ಆಯಿಯ ಜೊತೆ ಬಹಳ ಹೊತ್ತು ಕೂತಿದ್ದೆ. ರೊಟ್ಟಿ ತಟ್ಟಿ ತಟ್ಟಿ ಅವರ ಅಂಗೈ ಹಲಗೆಯ ಹಾಗಾಗಿದೆ. ನೀನು ರಾತ್ರಿ ನಿದ್ದೆ ಮಾಡುವುದಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ, ದ್ಯಾಮಮ್ಮನವರಿಗೂ ಕೈಸನ್ನೆ ಮಾಡುತ್ತೀಯ ಅಂದರು. "ನೀನಾದ್ರೂ ಹೇಳು ಮಗಾ, ಗಂಡಸಿಗೆ ಹಾಡೇ ಎಲ್ಲ ಅಲ್ಲ" ಅಂದರು. ನಾನು ಹೂಂ ಅಂದೆ. ಆದರೆ ನಿನಗೆ ಅದೇ ಎಲ್ಲವಾಗಿತ್ತು ಎಂದು ನನಗೆ ಗೊತ್ತು. ಸುಳ್ಳು ಸಮಾಧಾನ ನಾನು ಹೇಳುವುದಿಲ್ಲ.

ಎರಡು ವಿಷಯ ಹೇಳಲು ಬಂದಿದ್ದೆ. ಇಲ್ಲೇ ಬರೆಯುತ್ತೇನೆ. ಒಂದು, ನನ್ನ ತರಗತಿಯ ಮಕ್ಕಳಿಗೆ ನಿನ್ನ ಹಾಡು ಕಲಿಸಿದ್ದೇನೆ. ಬರೆದವರು ಪರಶುರಾಮ ಸಿದ್ದಿ, ಇದೇ ಕೋಣೆಯಲ್ಲಿ ಓದಿದವರು ಎಂದು ಹೇಳಿಯೇ ಶುರು ಮಾಡಿದೆ. ಒಬ್ಬಳು, "ಅವರು ಆಫ್ರಿಕಾದವರಲ್ವಾ ಮಿಸ್?" ಎಂದಳು. ಅಲ್ಲ ಎಂದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಇನ್ನೊಂದು, ಆಲ್ಕೊಳದವರಿಗೆ ಬೇಡ ಎಂದು ಹೇಳಿಯಾಗಿದೆ. ಅಣ್ಣ ಕಾರಣ ಕೇಳಿದ. ಹೇಳಿದೆ. ಅವನು ಎರಡು ದಿನದಿಂದ ಮಾತಾಡುತ್ತಿಲ್ಲ. ಮಾತಾಡುತ್ತಾನೆ.

ಸಂಜೆ ಹೊರಟಾಗ ಮಳೆ ಹನಿಯುತ್ತಿತ್ತು. ಆಯಿ ಸ್ಟಾಪಿನವರೆಗೆ ಬಂದು ನಿಲ್ಲಿಸಿ, ಮೆಸ್ಸಿಗೆ ಹೊತ್ತಾಯಿತೆಂದು ಓಡಿದರು. ಬಸ್ಸು ಹತ್ತುವಾಗ ತೊಂದರೆಯಾಗಲಿಲ್ಲ. ಯಾರೋ ವಯಸ್ಸಾದವರು, ಗಂಟಲು ಕಟ್ಟಿದವರು, "ಮೆಟ್ಟಿಲು ಎತ್ತರ ಇದೆ, ನಿಧಾನ" ಎಂದು ಹೇಳಿ ನನ್ನ ಕೈಯನ್ನು ಕಂಬಿಗೆ ಮುಟ್ಟಿಸಿದರು. "ಇದು ಶಿವಮೊಗ್ಗಕ್ಕೇ ಹೋಗುತ್ತಲ್ವಾ ತಾತಾ?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕಂಡಕ್ಟರು ಹೌದು ಅಂದರು.

ಮುಂದಿನ ಸಲ ಮನೆಯಲ್ಲಿರು.

ಉಮಾ

*

ಭದ್ರಾವತಿ
೨೦ ಜುಲೈ ೨೦೨೪

ಉಮಾ,

ನೀನು ಆಯಿಯ ಜೊತೆ ಕೂತಿದ್ದಷ್ಟು ಹೊತ್ತೂ ನಾನು ದ್ಯಾಮಮ್ಮನವರ ಕೋಣೆಯಲ್ಲಿದ್ದೆ. ನಡುವೆ ಒಂದು ತಗಡಿನ ಬಾಗಿಲು. ನೀನು ಆಡಿದ ಒಂದೊಂದು ಮಾತೂ ಕೇಳಿದೆ. ನೀನು ಹೊರಟ ಮೇಲೆ ಕೋಲು ತೆಗೆದುಕೊಂಡು ಹಿಂದೆಯೇ ಬಂದೆ. ಸ್ಟಾಪಿನಲ್ಲಿ ನಿನ್ನಿಂದ ಒಂದು ಮಾರು ದೂರ ನಿಂತಿದ್ದೆ. ಮಾತಾಡುವುದಿಲ್ಲ ಎಂದೇ ಬಂದಿದ್ದೆ. ಆದರೆ ಆ ಬಸ್ಸಿನ ಮೆಟ್ಟಿಲು ನಿಜವಾಗಿಯೂ ಎತ್ತರ, ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಬಾಯಿ ತಡೆಯಲಾಗಲಿಲ್ಲ.

ಆ ತಾತ ನಾನೇ.

ಬರಬೇಡ ಎಂದು ಯಾಕೆ ಹೇಳಿದೆ ಎಂದು ಈಗ ನಿನಗೆ ತಿಳಿಯಿತಲ್ಲ.

ಪರಶುರಾಮ

*

ದುರ್ಗಿಗುಡಿ, ಶಿವಮೊಗ್ಗ
೨೪ ಜುಲೈ ೨೦೨೪

ಪರಶು,

ಕಾಗದ ಓದಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತಿಗೆ ಹೊರಗೆ ನಿಂತು, "ಏನಾಯ್ತೇ?" ಎಂದು ಬಾಗಿಲು ಬಡಿಯುತ್ತಿದ್ದಳು. ನಿನ್ನ ದನಿ ಗುರುತು ಸಿಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಸಿಕ್ಕಿತ್ತು, ಸುಮ್ಮನೆ ತಾತ ಅಂದೆ ಎಂದು ಬರೆಯಬಹುದಿತ್ತು. ಬರೆಯಲಾರೆ.

ಆ ನಾಲ್ಕು ಮಾತನ್ನು ಕಾಗದ ಓದಿದಾಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಮೆಟ್ಟಿಲು ಅನ್ನುವಾಗ ಕೊನೆಗೆ ಉಸಿರು ಸೋರುತ್ತದೆ. ಎತ್ತರ ಅನ್ನುವಾಗ ನಡುವೆ ಕಡಿಯುತ್ತದೆ. ಇನ್ನಷ್ಟು ಬೇಕು. ಅಷ್ಟರಿಂದ ಗುರುತು ಹಿಡಿಯಲು ಆಗುವುದಿಲ್ಲ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ತಗಡಿನ ಬಾಗಿಲ ಈಚೆಗೆ ಬಂದು ಕೂರು. ಆ ಚುಕ್ಕೆಯಲ್ಲಿ ಒತ್ತಲಾಗದ ಮಾತು ಅಂದಿದ್ದೆಯಲ್ಲ, ಅದೇ ಬೇಕೆಂದಿಲ್ಲ. ಮಳೆ ಬಂತೋ, ಏನು ಉಂಡೆ, ಬಸ್ಸು ತಡವೋ, ಏನಾದರೂ ಹೇಳು. ಸಂಜೆಯವರೆಗೆ ಹೇಳುತ್ತಿರು. ನೋವಾದರೆ ನಿಲ್ಲಿಸಿ, ನೀರು ಕುಡಿದು ಮತ್ತೆ ಹೇಳು. ನಾನು ಕಲಿತುಕೊಳ್ಳುತ್ತೇನೆ.

ಉಮಾ